ಕಮಿಟ್‌ಮೆಂಟ್ ಇದೆ ಸರಿ, ಯಾರಿಗೆ?

"ಕಮಿಟ್‌ಮೆಂಟ್ಸ್ ಸ್ವಲ್ಪ ಜಾಸ್ತಿ ಆಗಿದೆ ಗುರು" ಅಂತ ಬೆಂಗಳೂರಿನಲ್ಲಿ ಯಾರಾದರೂ ಅಂದರೆ ಅದಕ್ಕೆ ಅರ್ಥ ಒಂದೇ: ದಯವಿಟ್ಟು ನನ್ನ ಹತ್ತಿರ ದುಡ್ಡು ಕೇಳಬೇಡ. ಮನೆ ಸಾಲ, ಕಾರಿನ ಸಾಲ, ಮಗಳ ಸ್ಕೂಲ್ ಫೀಸು, ಊರಲ್ಲಿರುವ ಅಪ್ಪನ ಔಷಧಿ, ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲವೂ ಆ ಒಂದು ಪದದೊಳಗೆ ಅಡಗಿ ಕೂತಿರುತ್ತವೆ. ಸಾಲ ಜಾಸ್ತಿ ಆಗಿದೆ ಅಂದರೆ ಮರ್ಯಾದೆ ಹೋಗುತ್ತದೆ. ಕಮಿಟ್‌ಮೆಂಟ್ಸ್ ಜಾಸ್ತಿ ಆಗಿದೆ ಅಂದರೆ, ಪಾಪ, ಜವಾಬ್ದಾರಿ ಇರುವ ಮನುಷ್ಯ ಅನ್ನಿಸುತ್ತದೆ. ಕೊಡಬೇಕಾದ ದುಡ್ಡು ಮಾತ್ರ ಅಷ್ಟೇ.

ಅದೇ ಪದ ಭಾನುವಾರ ಬೇರೆ ಕೆಲಸಕ್ಕೆ ಬರುತ್ತದೆ. "ಬೇರೆ ಒಂದು ಕಮಿಟ್‌ಮೆಂಟ್ ಇತ್ತು, ಗೃಹಪ್ರವೇಶಕ್ಕೆ ಬರೋಕಾಗ್ಲಿಲ್ಲ." ಆ ಕಮಿಟ್‌ಮೆಂಟ್ ಮಧ್ಯಾಹ್ನದ ನಿದ್ದೆಯೂ ಆಗಿರಬಹುದು, ಯಾರೂ ಬಿಡಿಸಿ ಕೇಳುವುದಿಲ್ಲ. ಕಾಲೇಜು ಹುಡುಗರಲ್ಲಿ "ಅವಳು ಕಮಿಟೆಡ್ ಮಗಾ" ಅಂದರೆ ಆಸೆ ಬಿಡು ಅಂತ. ಸಿನಿಮಾದವರು "ಮುಂದಿನ ವರ್ಷದವರೆಗೂ ಕಮಿಟ್ ಆಗಿದ್ದೀನಿ" ಅಂದರೆ ಡೇಟ್ಸ್ ಇಲ್ಲ ಅಂತ. ನಮ್ಮ ಚಿಕ್ಕಮ್ಮನ ಮುಂದೆ ಅವರ ಮಗನ ಗೆಳೆಯನೊಬ್ಬ ನಾಚಿಕೊಂಡು "ನಾನು ಕಮಿಟೆಡ್ ಆಂಟಿ" ಅಂದಾಗ, ಚಿಕ್ಕಮ್ಮ ತುಂಬಾ ಕನಿಕರದಿಂದ "ಇನ್ನೂ ಎಷ್ಟು ಕಂತು ಬಾಕಿ ಇದೆಯಪ್ಪ?" ಅಂತ ಕೇಳಿದರು.

ಭಾಷೆ ಹೀಗೇ ನಡೆಯುವುದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಎಲ್ಲ ಬಳಕೆಗಳಲ್ಲೂ ಒಂದು ಸಣ್ಣ ವಸ್ತು ಕಾಣೆಯಾಗಿದೆ. ಅದು ಚತುರ್ಥಿ ವಿಭಕ್ತಿ. ಶಾಲೆಯಲ್ಲಿ ಕೆ, ಗೆ, ಇಗೆ, ಅಕ್ಕೆ ಅಂತ ಉರು ಹೊಡೆದದ್ದು ನೆನಪಿದೆಯಲ್ಲ, ಅದೇ. ಕಮಿಟ್ ಆಗಿದ್ದೀನಿ, ಸರಿ. ಯಾರಿಗೆ? ಯಾವುದಕ್ಕೆ? ಈ 'ಗೆ' ಬಿಟ್ಟುಹೋದರೆ ಕಮಿಟ್‌ಮೆಂಟ್ ಅನ್ನುವುದು ಮೈಮೇಲಿನ ಭಾರದ ಹೆಸರೋ, ಇಲ್ಲವೇ ಒಳ್ಳೆಯ ಗುಣವೊಂದರ ಹೆಸರೋ ಆಗಿಬಿಡುತ್ತದೆ. "ಅವನಿಗೆ ತುಂಬಾ ಕಮಿಟ್‌ಮೆಂಟ್ ಇದೆ" ಅಂತ ಹೊಗಳುತ್ತೇವಲ್ಲ, ಹಾಗೆ.

ಇಂಗ್ಲಿಷಿನಲ್ಲಿ ಈ ಪದದ ಹಳೆಯ ಬಾಳೆಲ್ಲ ಆ 'ಗೆ' ಮೇಲೆಯೇ ನಿಂತಿತ್ತು. ಮೂಲ ಲ್ಯಾಟಿನ್. ಮಿತ್ತೆರೆ ಅಂದರೆ ಕಳಿಸು, ಅದಕ್ಕೆ 'ಕಾಮ್' ಸೇರಿದರೆ ಒಟ್ಟಿಗೆ ಸೇರಿಸು, ಒಪ್ಪಿಸು. ಮಿಷನ್, ಮಿಸೈಲ್, ಪ್ರಾಮಿಸ್, ಕಮಿಟಿ, ಕಮಿಷನ್ ಎಲ್ಲ ಒಂದೇ ಮನೆತನದವು. ಕೈದಿಯನ್ನು ಜೈಲಿಗೆ ಕಮಿಟ್ ಮಾಡುತ್ತಿದ್ದರು. ಇಂಗ್ಲೆಂಡಿನ ಚರ್ಚಿನ ಶವಸಂಸ್ಕಾರದ ಪ್ರಾರ್ಥನೆಯಲ್ಲಿ ದೇಹವನ್ನು ಮಣ್ಣಿಗೆ ಕಮಿಟ್ ಮಾಡುತ್ತಾರೆ. ಪದ್ಯವನ್ನು ನೆನಪಿಗೆ ಕಮಿಟ್ ಮಾಡಿದರೆ ಅದು ನಮ್ಮ ಬಾಯಿಪಾಠ. ಎಲ್ಲದರಲ್ಲೂ ಒಂದು ವಸ್ತು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದೆ. ನಾನೇ ನನ್ನನ್ನು ಒಂದು ಮಾತಿಗೆ ಒಪ್ಪಿಸಿಕೊಳ್ಳುವುದು, ಅಂದರೆ ನಾವು ಇವತ್ತು ಹೇಳುವ ಕಮಿಟ್‌ಮೆಂಟ್, ತುಂಬಾ ತಡವಾಗಿ ಬಂದ ಅರ್ಥ.

ಆ ಹಳೆಯ ಅರ್ಥ ನಮ್ಮ ಕೋರ್ಟುಗಳಲ್ಲಿ ಇನ್ನೂ ಜೀವಂತವಾಗಿದೆ. ಕೊಲೆ ಕೇಸನ್ನು ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡುವಂತಿಲ್ಲ. ಆರೋಪಪಟ್ಟಿ ಬಂದ ಮೇಲೆ ಪ್ರತಿಗಳನ್ನು ಆರೋಪಿಗೆ ಕೊಡಿಸಿ, ಕಡತವನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಬೇಕು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 209ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 232. ಆ ಕಲಮಿನ ತಲೆಬರಹದಲ್ಲೇ ಕಮಿಟ್‌ಮೆಂಟ್ ಅನ್ನುವ ಪದ ಇದೆ. ಹಾಸನದಲ್ಲಿ ವಕೀಲಿ ಮಾಡುವ ನನ್ನ ಗೆಳೆಯ "ಕೇಸು ಕಮಿಟ್ ಆಯ್ತು ಕಣೋ" ಅಂದಾಗ ಅದರಲ್ಲಿ ಪ್ರೀತಿಯೂ ಇಲ್ಲ, ಸಾಲವೂ ಇಲ್ಲ. ಕಡತ ಮೇಲಿನ ಕೋರ್ಟಿಗೆ ಹೋಯ್ತು ಅಷ್ಟೇ. ಈ ಊರಿನಲ್ಲಿ ಕಮಿಟ್‌ಮೆಂಟ್ ಪದವನ್ನು ಸರಿಯಾಗಿ ಬಳಸುವವರು ಕೋರ್ಟಿನ ಗುಮಾಸ್ತರು ಮಾತ್ರವೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಅಪರಾಧಕ್ಕೂ ಇದೇ ಪದ ಅಂಟಿಕೊಂಡಿದೆ: ಕೊಲೆ, ಕಳ್ಳತನ, ಪಾಪ. ಲ್ಯಾಟಿನ್ನಿನಲ್ಲೇ ಕೆಟ್ಟ ಕೆಲಸ ಎಸಗುವುದಕ್ಕೂ ಈ ಪದ ಇತ್ತು. ಇಂಗ್ಲಿಷ್ ಪತ್ರಿಕೆಗಳು ಆತ್ಮಹತ್ಯೆಯ ಸುದ್ದಿಯಲ್ಲಿ ಈಗ ಈ ಕ್ರಿಯಾಪದವನ್ನು ಬಿಡುತ್ತಿರುವುದು ಅದಕ್ಕೇ. ತೀರಿಕೊಂಡವರನ್ನು ಅಪರಾಧಿಯ ಸಾಲಿನಲ್ಲಿ ನಿಲ್ಲಿಸಬಾರದು ಅಂತ. ಸರಿಯಾದ ಬದಲಾವಣೆ.

ಇನ್ನು ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಕಮಿಟ್‌ಮೆಂಟಿನ ಬಗ್ಗೆ ಹೇಳಬೇಕು. ಆ ಪದ ಒಂದು ಸಲವೂ ಕೇಳಿಸದ ಜಾಗ ಅದು. ಅರಸೀಕೆರೆಯಲ್ಲಿ ನಮ್ಮ ಬೀದಿಯ ಟೈಲರ್ ಅಕ್ಕನ ಮನೆ ಜಗಲಿ. ಅಲ್ಲಿ ತಿಂಗಳಿಗೊಂದು ಸಂಜೆ ಚೀಟಿ ಕೂಗುತ್ತಿದ್ದರು.

ಗೊತ್ತಿಲ್ಲದವರಿಗೆ ಲೆಕ್ಕ ಹೇಳುತ್ತೇನೆ. 20 ಜನ, ತಿಂಗಳಿಗೆ ತಲಾ 5,000 ರೂಪಾಯಿ, 20 ತಿಂಗಳು. ಅಂದರೆ ಪ್ರತಿ ತಿಂಗಳೂ 1 ಲಕ್ಷ ಸೇರುತ್ತದೆ. ಆ ತಿಂಗಳು ಯಾರಿಗೆ ದುಡ್ಡಿನ ತುರ್ತು ಇದೆಯೋ ಅವರು ಕೂಗುತ್ತಾರೆ. ಹತ್ತು ಸಾವಿರ ಬಿಡ್ತೀನಿ, ಹದಿನೈದು ಬಿಡ್ತೀನಿ, ಇಪ್ಪತ್ತು ಬಿಡ್ತೀನಿ. ಯಾರು ಜಾಸ್ತಿ ಬಿಡುತ್ತಾರೋ ಚೀಟಿ ಅವರದು. 20,000 ಬಿಟ್ಟವರು 80,000 ಎತ್ತಿಕೊಂಡು ಹೋಗುತ್ತಾರೆ. ಬಿಟ್ಟದ್ದರಲ್ಲಿ 5,000 ನಡೆಸುವವರಿಗೆ. ಉಳಿದ 15,000 ಇಪ್ಪತ್ತು ಜನಕ್ಕೂ ಹಂಚಿಕೆ, ತಲೆಗೆ 750. ಹಾಗಾಗಿ ಆ ತಿಂಗಳು ಎಲ್ಲರೂ ಕಟ್ಟುವುದು 4,250 ಮಾತ್ರ. ಬ್ಯಾಂಕು ಯಾವ ಮೂಲೆಯಲ್ಲೂ ಇಲ್ಲ. 1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ಇದಕ್ಕೆಲ್ಲ ನೋಂದಣಿ ಬೇಕು. ಜಗಲಿ ಚೀಟಿಗಳು ಆ ಕಾಯ್ದೆಯ ಮುಖ ನೋಡಿದ್ದು ಕಡಿಮೆ, ಮುಳುಗಿದವೂ ಬೇಕಾದಷ್ಟಿವೆ. ಅದು ಬೇರೆ ಕಥೆ.

ನನಗೆ ಕುತೂಹಲ ಇರುವುದು ಚೀಟಿ ಎತ್ತಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲಿ. ಮೂರನೇ ತಿಂಗಳಲ್ಲೇ ಎತ್ತಿಕೊಂಡು ಮಗಳ ಮದುವೆ ಮಾಡಿದವರು ಇನ್ನು 17 ತಿಂಗಳು ಕಟ್ಟಬೇಕು. ಕೈಗೆ ಬರುವುದು ಏನೂ ಇಲ್ಲ. ಮದುವೆ ಊಟ ಎಂದೋ ಅರಗಿಹೋಗಿದೆ. ಆದರೂ ಕಟ್ಟುತ್ತಾರೆ. ಅಕ್ಕನ ನೋಟ್‌ಬುಕ್ಕಿನಲ್ಲಿ ಎತ್ತಿದವರ ಹೆಸರಿನ ಮುಂದೆ ಕೆಂಪು ಇಂಕಿನ ಒಂದು ಗೀಟು. ಆ ಗೀಟು ಬಿದ್ದವರು ತಾರೀಕಿಗೆ ಒಂದು ದಿನ ಮುಂಚೆಯೇ ಬಂದು ಕೊಡುತ್ತಿದ್ದುದನ್ನು ಚಿಕ್ಕವನಿದ್ದಾಗ ನೋಡುತ್ತಿದ್ದೆ. ತಡವಾದರೆ ಅಕ್ಕ ಜಗಳ ಆಡುತ್ತಿರಲಿಲ್ಲ. "ಏನ್ ಸಾವಿತ್ರಮ್ಮ, ಹುಷಾರಿಲ್ವಾ?" ಅಂತ ನಲ್ಲಿ ಹತ್ತಿರ, ನಾಲ್ಕು ಜನರ ಮುಂದೆ ಕೇಳುತ್ತಿದ್ದರು. ಅಷ್ಟು ಸಾಕಿತ್ತು. ಸಾಯಂಕಾಲ ದುಡ್ಡು ಬರುತ್ತಿತ್ತು.

ಇಲ್ಲಿ 'ಯಾರಿಗೆ' ಅನ್ನುವ ಪ್ರಶ್ನೆಗೆ ಉತ್ತರ ಕಣ್ಣೆದುರೇ ಕೂತಿದೆ. ಜಗಲಿ ಮೇಲಿರುವ ಉಳಿದ 19 ಜನಕ್ಕೆ. ಅವರ ಜೊತೆಗೇ ನಾಳೆ ನೀರು ಹಿಡಿಯಬೇಕು, ಅವರ ಮನೆ ಮುಂದೆಯೇ ಹಾಲಿಗೆ ಹೋಗಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲೇ ಇದನ್ನು ಇನ್ನೊಂದು ಕಡೆಯಿಂದ ಹೇಳಿದ್ದರು. ಹಿಂದೆ ಸರಿಯುವ ದಾರಿಯನ್ನು ನಾವೇ ಮುಚ್ಚಿಕೊಂಡರೆ, ಅದು ಎದುರಿನವರಿಗೆ ಕಾಣಿಸಿದರೆ, ಆಗ ಮಾತ್ರ ನಮ್ಮ ಮಾತಿಗೆ ತೂಕ ಬರುತ್ತದೆ ಅಂತ. ಅವರ ಮನಸ್ಸಿನಲ್ಲಿದ್ದದ್ದು ಅಣುಬಾಂಬು ಮತ್ತು ಸೋವಿಯತ್ ಒಕ್ಕೂಟ. 2005ರಲ್ಲಿ ನೊಬೆಲ್ ಬಂತು. ಅದೇ ಲೆಕ್ಕ ಟೈಲರ್ ಅಕ್ಕನಿಗೂ ಗೊತ್ತಿತ್ತು, ಪುಸ್ತಕ ಬರೆಯಲಿಲ್ಲ.

ಫಿಲಿಪೀನ್ಸಿನಲ್ಲಿ ಒಂದು ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಮೂವರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು, ಅದರ ಪ್ರಬಂಧ 2006ರಲ್ಲಿ ಬಂತು. ನಾವೇ ಗೊತ್ತು ಮಾಡಿದ ತಾರೀಕಿನವರೆಗೆ, ಇಲ್ಲವೇ ಇಷ್ಟು ದುಡ್ಡು ಸೇರುವವರೆಗೆ, ನಮ್ಮದೇ ದುಡ್ಡು ನಮಗೇ ತೆಗೆಯಲು ಬರದಂಥ ಉಳಿತಾಯ ಖಾತೆ ಅದು. ಬಡ್ಡಿಯೂ ಜಾಸ್ತಿ ಇಲ್ಲ. ಇಂಥ ಖಾತೆ ಯಾರಿಗೆ ಬೇಕು ಅಂತೀರಾ? ಕೇಳಿದವರಲ್ಲಿ ಶೇ. 28 ಜನ ತೆರೆದರು. ವರ್ಷದ ಕೊನೆಗೆ, ಇಂಥ ಖಾತೆ ಬೇಕಾ ಅಂತ ಕೇಳಿದ ಗುಂಪಿನ ಉಳಿತಾಯದ ಬೆಳವಣಿಗೆ, ಕೇಳದೇ ಇದ್ದ ಗುಂಪಿಗಿಂತ 81 ಶೇಕಡಾ ಅಂಶಗಳಷ್ಟು ಮೇಲಿತ್ತು. ಅದಕ್ಕೇ ನನಗೆ ಹೊಸ ವರ್ಷದ ಕಮಿಟ್‌ಮೆಂಟುಗಳ ಮೇಲೆ ನಂಬಿಕೆ ಕಡಿಮೆ. ನನಗೆ ನಾನೇ ಕೊಟ್ಟುಕೊಂಡ ಮಾತನ್ನು ಮುರಿದರೆ ಕೇಳುವವರು ಯಾರು? ನಾನೇ. ನಾನು ನನ್ನ ವಿಷಯದಲ್ಲಿ ಬಹಳ ಒಳ್ಳೆಯವನು.

ಮಾತು ಕೊಡದೇ ಇರುವ ಕಲೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ ಅನ್ನುವುದೂ ನಿಜ. 'ನೋಡೋಣ', 'ಮಾಡೋಣ ಬಿಡಿ', 'ಟ್ರೈ ಮಾಡ್ತೀನಿ'. ಒಂದು ಕಾಲದಲ್ಲಿ ಊರೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನೇ ದಿನಾ ವಾಪಸ್ ಕಳಿಸಿದ ಜನ ನಾವು. ಪಾಪದ ದೆವ್ವ, ಮಾತನ್ನು ನಂಬಿ ಹೋಗುತ್ತಿತ್ತು.

ಸರ್ಕಾರದ ಮಟ್ಟಕ್ಕೆ ಬಂದರೆ ಇದೇ ಪದ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಬಜೆಟ್ ಭಾಷಣದಲ್ಲಿ "ನಮ್ಮ ಸರ್ಕಾರ ರೈತರ ಹಿತಕ್ಕೆ ಬದ್ಧವಾಗಿದೆ" ಅಂತ ಬರುತ್ತದೆ. ಯಾವ ಪಕ್ಷವಾದರೂ ವಾಕ್ಯ ಅದೇ, ಖರ್ಚು ಸೊನ್ನೆ. ಬಜೆಟ್ಟಿನ ಲೆಕ್ಕದ ಪುಟಗಳಲ್ಲಿ 'ಬದ್ಧ ವೆಚ್ಚ' ಅಂತ ಇನ್ನೊಂದು ಇದೆ: ಸಂಬಳ, ಪಿಂಚಣಿ, ಬಡ್ಡಿ. ಅದನ್ನು ಯಾರೂ ಮೇಜು ಕುಟ್ಟಿ ಓದುವುದಿಲ್ಲ, ಆದರೆ ತಪ್ಪದೆ ಕೊಡುವುದು ಅದನ್ನೇ. ಇನ್ನೂ ವಿಚಿತ್ರ ಅಂದರೆ ಕಮಿಟ್‌ಮೆಂಟ್ ಚಾರ್ಜ್. ವಿಶ್ವಬ್ಯಾಂಕಿನಂಥ ಕಡೆ ಸಾಲ ಮಂಜೂರಾದ ಮೇಲೆ ನಾವು ಆ ದುಡ್ಡು ತೆಗೆದುಕೊಳ್ಳದೇ ಕೂತರೆ, ತೆಗೆದುಕೊಳ್ಳದ ದುಡ್ಡಿಗೂ ಶುಲ್ಕ ಕಟ್ಟಬೇಕು. ನಿಮಗಾಗಿ ಎತ್ತಿಟ್ಟಿದ್ದೆವಲ್ಲ, ಅದಕ್ಕೆ. ಭಾರತ ಹೀಗೆ ಕಟ್ಟಿದ ದುಡ್ಡಿನ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಮತ್ತೆ ಮತ್ತೆ ಗೊಣಗಿವೆ.

ಬಂಡಾಯ ಸಾಹಿತ್ಯದ ದಿನಗಳಲ್ಲಿ, 1979ರ ಆಸುಪಾಸು, 'ಲೇಖಕನ ಬದ್ಧತೆ' ಅಂದರೆ ಕೇಳಿದವರಿಗೆ ತಕ್ಷಣ ತಿಳಿಯುತ್ತಿತ್ತು, ಅದು ತುಳಿಸಿಕೊಂಡವರಿಗೆ ಅಂತ. ಈಗ 'ಬದ್ಧತೆಯುಳ್ಳ ಲೇಖಕ' ಅನ್ನುವುದು ಸನ್ಮಾನ ಪತ್ರದಲ್ಲಿ ಬರುತ್ತದೆ, ಶಾಲು ಹಾರದ ಜೊತೆ. ಯಾರಿಗೆ ಬದ್ಧ ಅಂತ ಸಂಘಟಕರಿಗೂ ಗೊತ್ತಿರುವುದಿಲ್ಲ.

ಆ ಪ್ರಶ್ನೆ ಈ ದೇಶದಲ್ಲಿ ಜೋರಾಗಿಯೇ ಎದ್ದದ್ದು 1973ರಲ್ಲಿ. ಅದರ ಎರಡೂ ತುದಿಯಲ್ಲಿ ನಮ್ಮವರೇ ಇದ್ದರು ಅನ್ನುವುದನ್ನು ನಾವು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

ಕಾಸರಗೋಡಿನ ಎಡನೀರು ಮಠ ಗೊತ್ತಲ್ಲ, ಯಕ್ಷಗಾನ, ಸಂಗೀತಕ್ಕೆ ಹೆಸರಾದದ್ದು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮೀಜಿ ಮಠದ ಜಮೀನಿನ ವಿಷಯಕ್ಕೆ ಕೇರಳ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ಬೆಳೆದು ಬೆಳೆದು ಸಂವಿಧಾನವನ್ನು ಸಂಸತ್ತು ಎಷ್ಟರ ಮಟ್ಟಿಗೆ ತಿದ್ದಬಹುದು ಅನ್ನುವ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳ ಪೀಠ, 68 ದಿನ ವಾದ. 1973ರ ಏಪ್ರಿಲ್ 24ರಂದು 7-6ರ ತೀರ್ಪು ಬಂತು: ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ.

ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತರಾಗುವ ಹೊತ್ತಿಗೇ ಈ ತೀರ್ಪು ಬಂದಿತ್ತು. ಹಿರಿತನದ ಪ್ರಕಾರ ಮುಂದಿನವರು ಶೇಲತ್, ಆಮೇಲೆ ಕೆ.ಎಸ್. ಹೆಗ್ಡೆ, ಆಮೇಲೆ ಗ್ರೋವರ್. ಮೂವರೂ ಸರ್ಕಾರದ ವಾದ ಒಪ್ಪದ ಏಳು ಜನರಲ್ಲಿ ಇದ್ದವರು. ಇಂದಿರಾ ಗಾಂಧಿ ಸರ್ಕಾರ ಮೂವರನ್ನೂ ದಾಟಿ, ಆರು ಜನರ ಕಡೆ ಇದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರಟರು. ಲೋಕಸಭೆಯಲ್ಲಿ ಇದನ್ನು ಸಮರ್ಥಿಸಿದವರು ಸಚಿವ ಮೋಹನ್ ಕುಮಾರಮಂಗಲಂ. ನ್ಯಾಯಮೂರ್ತಿಯ ಧೋರಣೆ ಏನು, ಕಾಲದ ಗಾಳಿ ಅವರಿಗೆ ಅರ್ಥವಾಗುತ್ತದಾ ಅನ್ನುವುದನ್ನೂ ಸರ್ಕಾರ ನೋಡಬೇಕು ಅನ್ನುವುದು ಅವರ ವಾದ. ಆ ದಿನಗಳಲ್ಲೇ 'ಕಮಿಟೆಡ್ ಜುಡಿಷಿಯರಿ' ಅನ್ನುವ ಮಾತು ಎಲ್ಲರ ಬಾಯಿಗೆ ಬಂದದ್ದು. ಜೊತೆಗೆ 'ಕಮಿಟೆಡ್ ಬ್ಯೂರೊಕ್ರಸಿ'ಯೂ.

ಕೆ.ಎಸ್. ಹೆಗ್ಡೆ ಕಾರ್ಕಳದ ಹತ್ತಿರದ ಕೌಡೂರಿನವರು. ಮೈಸೂರು ಹೈಕೋರ್ಟಿನಲ್ಲಿ ನ್ಯಾಯಮೂರ್ತಿ, ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, 1967ರಿಂದ ಸುಪ್ರೀಂ ಕೋರ್ಟು. ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ತಂದೆ ಅಂದರೆ ಬೇಗ ಗುರುತು ಸಿಗುತ್ತದೆ. ತಮಾಷೆ ನೋಡಿ, ಅವರು ನ್ಯಾಯಮೂರ್ತಿ ಆಗುವ ಮುಂಚೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಯಲ್ಲಿದ್ದವರು. ಬದ್ಧತೆ ಸಾಲದು ಅಂತ ದಾಟಿ ಹೋದದ್ದು ಇಂಥವರನ್ನು. ನನ್ನ ಪ್ರಕಾರ ಅವರ ಬದ್ಧತೆಯಲ್ಲಿ ಏನೂ ಕಡಿಮೆ ಇರಲಿಲ್ಲ, 'ಗೆ' ಮಾತ್ರ ಸರ್ಕಾರಕ್ಕೆ ಬೇಕಾದ ಕಡೆ ಇರಲಿಲ್ಲ. ನ್ಯಾಯಮೂರ್ತಿಗಳು ತೆಗೆದುಕೊಳ್ಳುವ ಪ್ರಮಾಣವಚನ ಸಂವಿಧಾನದ ಮೂರನೇ ಅನುಸೂಚಿಯಲ್ಲಿದೆ. ನಿಷ್ಠೆ ಯಾರಿಗೆ ಅಂತ ಅಲ್ಲಿ ಬರೆದೇ ಇದೆ: ಸಂವಿಧಾನಕ್ಕೆ. ಭಯ, ಪಕ್ಷಪಾತ, ರಾಗ, ದ್ವೇಷ ಇಲ್ಲದೆ ಕೆಲಸ ಮಾಡುತ್ತೇನೆ ಅಂತಲೂ ಇದೆ. ಕಮಿಟೆಡ್ ಅನ್ನುವ ವಿಶೇಷಣದ ಮುಂದೆ ಯಾರಿಗೆ ಅಂತ ಹೇಳದೇ ಬಿಟ್ಟರೆ ಎಷ್ಟು ಅನುಕೂಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 1977ರಲ್ಲಿ ಹೆಗ್ಡೆಯವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದರು. ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು, ಯಾವ ಸದನದಲ್ಲಿ ತಮ್ಮನ್ನು ದಾಟಿದ್ದಕ್ಕೆ ಸಮರ್ಥನೆ ಕೊಟ್ಟಿದ್ದರೋ ಅದೇ ಸದನದಲ್ಲಿ.

ಒಬ್ಬ ವ್ಯಕ್ತಿಗೆ ಬದ್ಧನಾಗುವುದು ಎಲ್ಲಿಯವರೆಗೆ ಹೋಗಬಹುದು ಅನ್ನುವುದು ನಮ್ಮ ಜಿಲ್ಲೆಯಲ್ಲೇ ಕಲ್ಲಿನಲ್ಲಿದೆ. ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರ ದೇವಾಲಯದ ಗೋಡೆ ನೋಡಿ, ನಂದಿ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಅಲ್ಲೇ ಒಂದು ಗರುಡಗಂಬ ಇದೆ, ಅದರ ಹತ್ತಿರ ನಿಲ್ಲುವವರು ಕಡಿಮೆ. ಗಂಬದ ಸುತ್ತ ಕೆತ್ತಿರುವ ಸಣ್ಣ ಸಣ್ಣ ಆಳುಗಳನ್ನು ಬಗ್ಗಿ ನೋಡಬೇಕು. ಕೈಯಲ್ಲಿ ಕತ್ತಿ ಇದೆ, ಶತ್ರು ಎಲ್ಲೂ ಇಲ್ಲ. ಅವರು ತಮ್ಮ ತಲೆಯನ್ನು, ತಮ್ಮ ಕೈಕಾಲನ್ನು ತಾವೇ ಕಡಿದುಕೊಳ್ಳುತ್ತಿದ್ದಾರೆ.

ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ಅಂಗರಕ್ಷಕರ ಸಮೇತ ಪ್ರಾಣ ಬಿಟ್ಟ. ಗಂಬದ ಮೇಲಿನ ಹಳಗನ್ನಡ ಶಾಸನ ಅದನ್ನು ಹೇಳುತ್ತದೆ. ಇಂಥವರಿಗೆ ಗರುಡರು ಅಂತಲೇ ಹೆಸರು. ಕನ್ನಡದಲ್ಲಿ ಈ ಕಟ್ಟುಪಾಡಿಗೆ ಲೆಕ್ಕಾಚಾರದ ಪದಗಳಿದ್ದವು. ಅನ್ನ ಹಾಕಿದ ಒಡೆಯನಿಗಾಗಿ ಹೋರಾಡುವ ಋಣಕ್ಕೆ ಜೋಳವಾಳಿ. ಒಡೆಯನ ಜೊತೆಗೇ ಸಾಯುತ್ತೇನೆ ಅನ್ನುವ ಪ್ರತಿಜ್ಞೆಗೆ ವೇಳೆವಾಳಿ. ಜೋಳವಾಳಿ ನನಗೆ ಅರ್ಥವಾಗುತ್ತದೆ. ತಿಂದ ಜೋಳಕ್ಕೆ ಮಿತಿ ಇದೆ, ತೀರಿಸಬಹುದು. ವೇಳೆವಾಳಿಯ ಮುಂದೆ ನಿಂತಾಗ ಮೈ ಜುಮ್ಮೆನ್ನುತ್ತದೆ, ಆದರೆ ಕೈ ಮುಗಿಯಬೇಕು ಅನ್ನಿಸುವುದಿಲ್ಲ. ಆ ಹೆಂಡತಿಯನ್ನು ಯಾರಾದರೂ ಕೇಳಿದ್ದರಾ? ಗಂಡ ಕೊಟ್ಟ ಮಾತಿಗೆ ಅವಳೂ ಕಂತು ಕಟ್ಟಿದಳು.

'ಯಾರಿಗೆ' ಅನ್ನುವುದನ್ನು ಬೇಕೆಂದೇ ಬಚ್ಚಿಡುವ ಜಾಗವೂ ಒಂದಿದೆ. ತೆಲುಗು ಸಿನಿಮಾ ರಂಗದಲ್ಲಿ ಅವಕಾಶ ಕೇಳಿ ಬಂದ ಹೆಣ್ಣುಮಕ್ಕಳ ಹತ್ತಿರ 'ಕಮಿಟ್‌ಮೆಂಟ್ ಕೊಡ್ತೀಯಾ?' ಅಂತ ಕೇಳುವುದುಂಟು ಅಂತ ನಟಿಯರೇ ಬಹಿರಂಗವಾಗಿ ಹೇಳಿದ್ದಾರೆ. ಅದರ ಅರ್ಥ ಬಿಡಿಸಬೇಕಿಲ್ಲ. ಮಲಯಾಳಂ ಚಿತ್ರರಂಗದ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟಿನಲ್ಲಿ ಹೊರಬಂದಾಗ ಅಲ್ಲಿ ಕಂಡ ಪದಗಳು 'ಅಡ್ಜಸ್ಟ್‌ಮೆಂಟ್' ಮತ್ತು 'ಕಾಂಪ್ರಮೈಸ್'. ಮುಂದಿನ ತಿಂಗಳೇ ಕನ್ನಡ ಚಿತ್ರರಂಗದ 'ಫೈರ್' ಸಂಘಟನೆ ಇಲ್ಲೂ ಅಂಥ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಮೂರೂ ಆಫೀಸಿನ ಸಭ್ಯ ಪದಗಳು. ಕೇಳುವವನ ಹೆಸರು ಮಾತ್ರ ವಾಕ್ಯದಲ್ಲಿ ಎಲ್ಲೂ ಇರುವುದಿಲ್ಲ.

ನನ್ನ ಹೊಟ್ಟೆಪಾಡಿನ ಲೋಕದಲ್ಲಿ ಈ ಪದಕ್ಕೆ ಇಂಥ ಕಳ್ಳತನ ಸಾಧ್ಯವಿಲ್ಲ. ಸಾಫ್ಟ್‌ವೇರಿನಲ್ಲಿ ಕಮಿಟ್ ಅನ್ನುವುದು ದಿನಕ್ಕೆ ಹತ್ತು ಸಲ ಟೈಪ್ ಮಾಡುವ ಆಜ್ಞೆ. ಲೈನಕ್ಸ್‌ನ ಲೀನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯಲು ಶುರು ಮಾಡಿದ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ 'ಗಿಟ್'ನಲ್ಲಿ ಪ್ರತಿ ಕಮಿಟ್‌ಗೂ ಬರೆದವರ ಹೆಸರು, ಇಮೇಲ್, ತಾರೀಕು, ಹೊತ್ತು ಅಂಟಿಕೊಂಡಿರುತ್ತದೆ. ಏನು ಬದಲಾಯಿಸಿದೆ ಅಂತ ಒಂದು ಸಾಲು ಬರೆಯಬೇಕು. 'ಫೈನಲ್ ಫಿಕ್ಸ್' ಅಂತ ಬರೆದು, ಅರ್ಧ ಗಂಟೆಗೆ 'ಫೈನಲ್ ಫಿಕ್ಸ್ 2' ಅಂತ ಬರೆಯುತ್ತೇವೆ, ಅದು ಬಿಡಿ. ಯಾವ ಸಾಲನ್ನು ಯಾರು ಬರೆದದ್ದು ಅಂತ ತೋರಿಸುವ ಆಜ್ಞೆಯ ಹೆಸರೇ 'ಬ್ಲೇಮ್'.

ಡೇಟಾಬೇಸಿನ ಕಮಿಟ್ ಇನ್ನೂ ಚೆನ್ನಾಗಿದೆ. ಒಂದು ಬ್ಯಾಂಕಿನ ಖಾತೆಯಿಂದ ದುಡ್ಡು ಕಳೆಯಬೇಕು, ಇನ್ನೊಂದರಲ್ಲಿ ಕೂಡಬೇಕು, ಎರಡು ಲೆಕ್ಕವೂ ಬೇರೆ ಬೇರೆ ಕಂಪ್ಯೂಟರಿನಲ್ಲಿವೆ ಅಂದುಕೊಳ್ಳಿ. ಒಂದು ಆಗಿ ಇನ್ನೊಂದು ಆಗದಿದ್ದರೆ ಅನಾಹುತ. ಅದಕ್ಕೆ ನಡುವೆ ಒಬ್ಬ ಮಧ್ಯಸ್ಥ ಇರುತ್ತಾನೆ. ಮೊದಲ ಸುತ್ತಿನಲ್ಲಿ ಎರಡೂ ಕಡೆ ಕೇಳುತ್ತಾನೆ: ತಯಾರಾ? ಇಬ್ಬರೂ ಹೂಂ ಅಂದರೆ ಎರಡನೇ ಸುತ್ತಿನಲ್ಲಿ ಹೇಳುತ್ತಾನೆ: ಸರಿ, ಕಮಿಟ್. ಒಬ್ಬ ಇಲ್ಲ ಅಂದರೂ ಇಬ್ಬರೂ ಮೊದಲಿನಂತೆ. ಇದಕ್ಕೆ ಟೂ ಫೇಸ್ ಕಮಿಟ್ ಅನ್ನುತ್ತಾರೆ. ಈ ಶಾಸ್ತ್ರ ಕಟ್ಟಿದವರಲ್ಲಿ ದೊಡ್ಡವರು ಜಿಮ್ ಗ್ರೇ, 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ದೋಣಿಯಲ್ಲಿ ಸಮುದ್ರಕ್ಕೆ ಹೋದವರು ವಾಪಸ್ ಬರಲೇ ಇಲ್ಲ. 1981ರ ಒಂದು ಪ್ರಬಂಧದಲ್ಲಿ ಅವರು ವ್ಯವಹಾರದ ಕಮಿಟ್ ಅಂದರೇನು ಅಂತ ವಿವರಿಸಲು ತೆಗೆದುಕೊಂಡದ್ದು ಕ್ರಿಶ್ಚಿಯನ್ ಮದುವೆಯನ್ನು. ಪಾದ್ರಿ ಮೊದಲು ಯಾರದಾದರೂ ತಕರಾರಿದೆಯಾ ಅಂತ ಕೇಳುತ್ತಾರೆ, ಆಮೇಲೆ ಹುಡುಗನ ಒಪ್ಪಿಗೆ, ಹುಡುಗಿಯ ಒಪ್ಪಿಗೆ, ಆಮೇಲೆ ಘೋಷಣೆ.

ಪ್ರಬಂಧ ಓದಿದಾಗ ನನಗೆ ಅನ್ನಿಸಿದ್ದು, ನಮ್ಮ ಕಡೆಯ ನಿಶ್ಚಿತಾರ್ಥ ಇನ್ನೂ ಸರಿಯಾದ ಉದಾಹರಣೆ ಆಗುತ್ತಿತ್ತು ಅಂತ. ಯಾಕೆಂದರೆ ಟೂ ಫೇಸ್ ಕಮಿಟ್‌ನಲ್ಲಿ ಒಂದು ಹೆಸರಾಂತ ತೊಂದರೆ ಇದೆ. ಎರಡೂ ಕಡೆಯವರು ಮೊದಲ ಸುತ್ತಿನಲ್ಲಿ ಹೂಂ ಅಂದುಬಿಟ್ಟಿದ್ದಾರೆ. ಅಷ್ಟರಲ್ಲಿ ಮಧ್ಯಸ್ಥನ ಕಂಪ್ಯೂಟರ್ ಕೆಟ್ಟು ನಿಂತಿತು. ಈಗ ಇವರು ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂ­ತೆಯೂ ಇಲ್ಲ. ಬೀಗ ಹಾಕಿದ ಲೆಕ್ಕಕ್ಕೆ ಬೇರೆ ಯಾರನ್ನೂ ಬಿಡುವಂತಿಲ್ಲ. ಈ ಸ್ಥಿತಿಗೆ 'ಇನ್ ಡೌಟ್' ಅಂತಲೇ ಹೆಸರಿದೆ. ತಾಂಬೂಲ ಬದಲಾಯಿಸಿ ಆಗಿದೆ, ಆಷಾಢ ಬಂದಿದೆ, ಬ್ರೋಕರ್ ಫೋನ್ ಎತ್ತುತ್ತಿಲ್ಲ. ಹುಡುಗಿ ಮನೆಯವರು ಬೇರೆ ಜಾತಕ ನೋಡುವಂತಿಲ್ಲ, ಹುಡುಗನ ಮನೆಯವರು ಛತ್ರ ನೋಡುವಂತಿಲ್ಲ. ಇಬ್ಬರೂ ಹೂಂ ಅಂದವರೇ.

ಇಂಥ ಹೊತ್ತಿಗೆ ಡೇಟಾಬೇಸ್ ನೋಡಿಕೊಳ್ಳುವವರು ಕೈಯಾರೆ ಬಿಡಿಸುತ್ತಾರೆ. ಒರಾಕಲ್ ಅನ್ನುವ ಡೇಟಾಬೇಸಿನಲ್ಲಿ ಅದಕ್ಕೆ 'ಕಮಿಟ್ ಫೋರ್ಸ್' ಅನ್ನುವ ಆಜ್ಞೆಯೇ ಇದೆ. ಇನ್ನೊಂದು ಕಡೆ ಏನಾಗಿದೆ ಅಂತ ವಿಚಾರಿಸಿಕೊಂಡು, ಜವಾಬ್ದಾರಿ ತಲೆ ಮೇಲೆ ಹೊತ್ತುಕೊಂಡು ಒತ್ತಬೇಕು. ನಮ್ಮ ಮನೆಗಳಲ್ಲಿ ಆ ಕೆಲಸ ದೊಡ್ಡಪ್ಪನದು. ಎರಡು ದಿನ ಸುಮ್ಮನೆ ಎಲ್ಲರ ಗೊಣಗಾಟ ಕೇಳುತ್ತಾರೆ. ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿದು ಬೀಗರಿಗೆ ತಾವೇ ಫೋನ್ ಹಚ್ಚುತ್ತಾರೆ. "ನಮ್ಮ ಕಡೆಯಿಂದ ಏನೂ ಇಲ್ಲ ಕಣ್ರೀ, ನಿಮ್ಮದು ಹೇಳಿ." ಆ ಕಡೆಯಿಂದಲೂ ಏನೂ ಇರುವುದಿಲ್ಲ. ಶರಟು ಹಾಕಿಕೊಂಡು, ಯಾರನ್ನೂ ಕೇಳದೆ, ಶ್ರಾವಣದ ಮೂರನೇ ಭಾನುವಾರಕ್ಕೆ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ರಸೀದಿ ತಂದು ಟಿವಿ ಮೇಲೆ ಇಡುತ್ತಾರೆ.